ಮಾರುತ ನಿಂತ ಅಂಗಳ

ಗಾಳಿಗಾಗಿ ಕಾಯುವುದು ನಮ್ಮ ಹೊಳೆಮಣ್ಣೂರಿನವರಿಗೆ ಹೊಸದಲ್ಲ. ನಾನು ಸಣ್ಣವನಿದ್ದಾಗ ಮಲಪ್ರಭೆಯ ದಂಡೆಯ ಎರೆಹೊಲದಲ್ಲಿ ಬಿಳಿಜೋಳದ ರಾಶಿ ನಡೆಯುತ್ತಿತ್ತು. ಕಣದಲ್ಲಿ ಹಂತಿ ಹೊಡೆದು, ತೆನೆಯೆಲ್ಲ ತುಳಿದು ಮುಗಿದು, ಕಾಳು ಹೊಟ್ಟು ಕೂಡಿದ ದಿಬ್ಬ ಬಿದ್ದ ಮೇಲೆ ಎತ್ತಿಗೂ ಬಿಡುವು, ಆಳಿಗೂ ಬಿಡುವು. ಮುಂದಿನದು ಗಾಳಿಯ ಕೆಲಸ. ಕಾಕಾ ಎತ್ತರದ ಮೆಟ್ಟಿನ ಮೇಲೆ ನಿಂತು, ಬುಟ್ಟಿಯನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದು ಕಾಯುತ್ತಿದ್ದ. ಹೊಳೆಯ ಕಡೆಯಿಂದ ಒಂದು ಸುಳಿ ಬಂದು ಬೇವಿನ ಗಿಡದ ತುದಿ ಅಲುಗಿತೆಂದರೆ ಸಾಕು, ಅವನ ಕೈ ತಾನಾಗಿ ಬುಟ್ಟಿಯನ್ನು ವಾಲಿಸುತ್ತಿತ್ತು. ಕಾಳು ನೆಟ್ಟಗೆ ಕೆಳಗೆ, ಹೊಟ್ಟು ಆಚೆ. ಭಾರವಾದದ್ದು ಬೀಳುತ್ತದೆ, ಹಗುರಾದದ್ದು ಹಾರುತ್ತದೆ ಎಂಬುದನ್ನು ನಾನು ಕಲಿತದ್ದು ಆ ಕಣದಲ್ಲಿ.

ಅದೇ ಕಣದಲ್ಲಿ, ರಾತ್ರಿ ರಾಶಿಗೆ ಕಾವಲು ಮಲಗಿದಾಗ, ಕಾಕಾ ಮಾರುತನ ಕಥೆ ಹೇಳುತ್ತಿದ್ದ. 1971ರ ಡಿಸೆಂಬರ್. ಅವನಿಗಾಗ ಹನ್ನೆರಡು ವರ್ಷ. ಊರಲ್ಲಿ ರೇಡಿಯೊ ಇದ್ದ ಮನೆಯ ಕಟ್ಟೆಯ ಮೇಲೆ ಸಂಜೆಯಾದರೆ ಜನ ಕೂಡುತ್ತಿದ್ದರಂತೆ. ಧಾರವಾಡ ಆಕಾಶವಾಣಿ ಪಾಕಿಸ್ತಾನದೊಂದಿಗಿನ ಯುದ್ಧದ ಸುದ್ದಿ ಓದುತ್ತಿತ್ತು. ಮರುದಿನ ಶಾಲೆಯಲ್ಲಿ ಮಾಸ್ತರರು ಕರಿಹಲಗೆಯ ಮೇಲೆ ಒಂದು ವಿಮಾನದ ಚಿತ್ರ ಬರೆದು, ಇದು ನಮ್ಮ ರಾಜ್ಯದಲ್ಲೇ, ಬೆಂಗಳೂರಲ್ಲೇ ಕಟ್ಟಿದ್ದು, ಇದರ ಹೆಸರು ಮಾರುತ ಎಂದರಂತೆ. ಮಾರುತ ಅಂದರೆ ಗಾಳಿ. ಗಾಳಿಯ ಮಗ ಮಾರುತಿ. ಊರಿಗೊಂದು ಹನಮಪ್ಪನ ಗುಡಿ ಇರುವ ಸೀಮೆಯ ಹುಡುಗರಿಗೆ ಇನ್ನೇನು ಹೇಳಬೇಕು? ಆ ಸಂಜೆ ಹುಡುಗರೆಲ್ಲ ಗುಡಿಯ ಮುಂದೆ ಕೈ ಚಾಚಿಕೊಂಡು ಓಡಿದ್ದೇ ಓಡಿದ್ದು. ಕಾಕಾನ ಮನಸ್ಸಿನಲ್ಲಿ ಆ ವಿಮಾನ ಐವತ್ತು ವರ್ಷಕ್ಕೂ ಮಿಕ್ಕಿ ಹಾರುತ್ತಲೇ ಇತ್ತು.

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಬದುವಿನ ಮೇಲೆ ಉಣ್ಣುತ್ತ ಕುಳಿತಾಗ ಕೇಳಿದೆ: "ಕಾಕಾ, ಮಾರುತನ್ನ ನೋಡಾಕ ಹೋಗೂಣೇನು?"

"ಇನ್ನಾ ಐತೇನೋ ಅದು?"

"ಐತಿ. ಬೆಂಗಳೂರಾಗ ಐತಿ. ಮುಟ್ಟುವಷ್ಟು ಸನೇಕ ನಿಂತು ನೋಡಬಹುದು."

ಅವನು ಕೈಯಲ್ಲಿದ್ದ ಸಜ್ಜಿ ರೊಟ್ಟಿಯನ್ನು ತಾಟಿನಲ್ಲಿಟ್ಟು ಮುಗಿಲು ನೋಡಿದ. "ಹಂಗಾರ ನಡಿ" ಎಂದ.

ಹೊಳೆಆಲೂರು ಸ್ಟೇಷನ್ ನಮಗೆ ಹತ್ತಿರದ್ದು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿಯ ಬುತ್ತಿ ಕಟ್ಟಿಕೊಂಡು ಅಲ್ಲಿ ರೈಲು ಹತ್ತಿದೆವು. ಗದಗ, ಹುಬ್ಬಳ್ಳಿ ದಾಟಿ ಬೆಂಗಳೂರಿಗೆ ಹೋಗುವ ದಾರಿ. ಈ ಹಳಿಯನ್ನು ಬೆಂಗಳೂರಿನ ಕಡೆಗೆ ಬಿಟ್ಟು ಎದುರು ದಿಕ್ಕಿಗೆ ಹಿಡಿದರೆ ಬದಾಮಿ, ಬಾಗಲಕೋಟೆ, ವಿಜಯಪುರ ದಾಟಿ ಸೊಲ್ಲಾಪುರ ಸಿಗುತ್ತದೆ. ನಾವು ನೋಡಲು ಹೊರಟ ವಿಮಾನದ ಕಥೆ ಶುರುವಾಗುವುದೂ ಸೊಲ್ಲಾಪುರದ ಒಬ್ಬ ಮನುಷ್ಯನಿಂದಲೇ ಎಂಬುದು ನನಗೆ ಬಲು ಸೋಜಿಗ. 1882ರಲ್ಲಿ ಅಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದ್, ಹಡಗು ಕಟ್ಟುವ ಕನಸು ಕಂಡವರು, 1939ರಲ್ಲಿ ವಿಮಾನ ಪ್ರಯಾಣವೊಂದರಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕನ್ನನನ್ನು ಕಂಡರು. ಪಾಲಿ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದವನು. ಚೀನಾದಲ್ಲಿ ಆಗುವುದಾದರೆ ಭಾರತದಲ್ಲಿ ಯಾಕಾಗದು ಎಂದು ವಾಲ್‌ಚಂದ್ ಹಟ ಹಿಡಿದರು. ಆ ಹಟಕ್ಕೆ ನೆಲ ಕೊಟ್ಟದ್ದು ಮೈಸೂರು ಸಂಸ್ಥಾನ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ. 700 ಎಕರೆ ಭೂಮಿ, ಬಂಡವಾಳಕ್ಕೆ 25 ಲಕ್ಷ ರೂಪಾಯಿ. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ, ಇಂದಿನ ಎಚ್‌ಎಎಲ್, ಹುಟ್ಟಿತು.

"ಏಳನೂರು ಎಕರೆ!" ಎಂದ ಕಾಕಾ. ಅವನಿಗೆ ಇರುವುದು ನಾಲ್ಕು. ಏಳುನೂರನ್ನು ಅವನು ನಮ್ಮೂರಿನ ಹೊಲಗಳ ಮೇಲೆ ಹಾಸಿ ಅಳೆಯುತ್ತಿದ್ದನೆಂದು ಕಾಣುತ್ತದೆ, ಬಹಳ ಹೊತ್ತು ಕಿಟಕಿಯಾಚೆಯ ಕತ್ತಲನ್ನೇ ನೋಡುತ್ತ ಕುಳಿತ. ಆ ಕಾರ್ಖಾನೆ ಒಂದು ಕಾಲಕ್ಕೆ ರೈಲು ಡಬ್ಬಿಗಳನ್ನೂ ಕಟ್ಟುತ್ತಿತ್ತು, ಆ ಕೆಲಸ ಆಮೇಲೆ ಬೆಮೆಲ್‌ಗೆ ಹೋಯಿತು ಎಂದು ಹೇಳಿದಾಗ ಅವನು ತಾನು ಕುಳಿತಿದ್ದ ಸೀಟಿನ ಪಕ್ಕದ ತಗಡನ್ನು ಬೆರಳಿನಿಂದ ಬಡಿದು ನೋಡಿದ.

ಬೆಳಿಗ್ಗೆ ಇಳಿದದ್ದು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ. ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ ಹೋಗುವ ಬಸ್ಸು ಹಿಡಿದರೆ ದೊಮ್ಮಲೂರು ದಾಟಿ ಹಳೆ ವಿಮಾನ ನಿಲ್ದಾಣದ ರಸ್ತೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಹೊಸ ನಿಲ್ದಾಣ ಶುರುವಾಗುವವರೆಗೆ ಬೆಂಗಳೂರಿಗೆ ಬರುವ ವಿಮಾನಗಳೆಲ್ಲ ಇಳಿಯುತ್ತಿದ್ದದ್ದು ಇಲ್ಲೇ. ಬಸ್ಸಿನ ಕಿಟಕಿಯಿಂದ ಒಂದು ಬೋರ್ಡು ಕಂಡಿತು: ಸುರಂಜನ್ ದಾಸ್ ರಸ್ತೆ. ದಿನಾ ಸಾವಿರಾರು ಜನ ಈ ಹೆಸರು ಹೇಳಿ ಟಿಕೇಟು ತೆಗೆಸುತ್ತಾರೆ. ಅವರಲ್ಲಿ ಆ ಹೆಸರಿನ ಮನುಷ್ಯ ಯಾರೆಂದು ಬಲ್ಲವರು ಹೆಚ್ಚು ಮಂದಿ ಇರಲಿ ಎಂದು ನನ್ನ ಆಸೆ. ಆ ಮನುಷ್ಯನ ಕಥೆಗೆ ಬರುತ್ತೇನೆ.

ಎಚ್‌ಎಎಲ್ ಹೆರಿಟೇಜ್ ಸೆಂಟರ್ ಮತ್ತು ಏರೋಸ್ಪೇಸ್ ಮ್ಯೂಸಿಯಂ 2001ರಲ್ಲಿ ತೆರೆದದ್ದು. ವಿಮಾನಗಳಿಗೆಂದೇ ಕಟ್ಟಿದ ಇಂಥ ಸಂಗ್ರಹಾಲಯ ದೇಶದಲ್ಲಿ ಅಪರೂಪ. ಟಿಕೇಟು ಕೊಂಡು ಒಳಗೆ ಕಾಲಿಟ್ಟರೆ ಮರಗಳ ನೆರಳು, ಹುಲ್ಲುಹಾಸು. ಅದರ ನಡುವೆ, ಹೊಲದ ಬದುವಿನಲ್ಲಿ ಎತ್ತು ಬಿಟ್ಟಂತೆ, ಅಲ್ಲೊಂದು ಇಲ್ಲೊಂದು ವಿಮಾನ.

ಕಾಕಾನಿಗೆ ನೇರವಾಗಿ ಬಯಲಿಗೆ ಹೋಗುವ ತವಕ. ಮೊದಲು ಒಳಗಿನ ಹಾಲ್‌ಗಳನ್ನು ನೋಡೋಣವೆಂದು ನಾನೇ ಎಳೆದುಕೊಂಡು ಹೋದೆ. ಗೋಡೆಯ ತುಂಬ 1940ರಿಂದ ದಶಕ ದಶಕವಾಗಿ ಜೋಡಿಸಿದ ಫೋಟೊಗಳು. ಎಂಜಿನ್ನುಗಳನ್ನು ಹಲಸಿನ ಹಣ್ಣು ಸೀಳಿದಂತೆ ಸೀಳಿ ಒಳಗಿನ ತೊಳೆಗಳನ್ನು ತೋರಿಸಿದ್ದಾರೆ. ಈ ಕಾರ್ಖಾನೆಯಿಂದ ಮೊದಲ ವಿಮಾನ, ಹಾರ್ಲೊ ಎಂಬ ತರಬೇತಿ ವಿಮಾನ, 1941ರಲ್ಲೇ ಹಾರಿತ್ತು. ಅದರ ನಕಾಶೆ ಹೊರಗಿನದು. ನಮ್ಮವರೇ ಕಾಗದದ ಮೇಲೆ ಗೆರೆ ಎಳೆದು ಮುಗಿಲಿಗೆ ಏರಿಸಿದ್ದು 1951ರ ಆಗಸ್ಟಿನಲ್ಲಿ ಹಾರಿದ ಎಚ್‌ಟಿ-2. ಅದರ ಹಿಂದಿದ್ದವರು ಡಾ. ವಿ.ಎಂ. ಘಾಟಗೆ, ಜರ್ಮನಿಯ ಗಟಿಂಗನ್‌ನಲ್ಲಿ ಲುಡ್ವಿಗ್ ಪ್ರಾಂಟಲ್ ಬಳಿ ಓದಿ ಬಂದವರು. ಗಾಳಿ ಒಂದು ಮೈಯನ್ನು ಸವರಿಕೊಂಡು ಹೋಗುವಾಗ ಆ ಮೈಗೆ ತೀರ ಹತ್ತಿರದ ತೆಳು ಪದರದಲ್ಲಿ ಏನಾಗುತ್ತದೆ ಎಂದು ಜಗತ್ತಿಗೆ ತಿಳಿಸಿಕೊಟ್ಟವರು ಪ್ರಾಂಟಲ್. ಅವರ ಶಿಷ್ಯ ಬೆಂಗಳೂರಿನ ಬಿಸಿಲಲ್ಲಿ ವಿಮಾನ ಕಟ್ಟಿದರು. ಮುಂದೆ ರಾಷ್ಟ್ರಪತಿಯಾದ ಅಬ್ದುಲ್ ಕಲಾಂ ಕೂಡ ತರುಣರಾಗಿದ್ದಾಗ ಇದೇ ಕಾರ್ಖಾನೆಗೆ ತರಬೇತಿಗೆ ಬಂದು ಎಂಜಿನ್ ಬಿಚ್ಚಿ ಜೋಡಿಸುವ ಕೆಲಸ ಕಲಿತವರು.

ಹಾಲ್‌ನಿಂದ ಹೊರಬಂದು ಎರಡು ತಿರುವು ತಿರುಗಿದೆವು. ಕಾಕಾ ನಿಂತುಬಿಟ್ಟ.

ಎಚ್‌ಎಫ್-24 ಮಾರುತ.

ನಾನು ಫೋಟೊಗಳಲ್ಲಿ ನೋಡಿದ್ದೆ. ಫೋಟೊದಲ್ಲಿ ಅದರ ಉದ್ದ ತಿಳಿಯುವುದಿಲ್ಲ. ಮೂಗಿನ ತುದಿಯಿಂದ ಬಾಲದ ತುದಿಗೆ ಸುಮಾರು 16 ಮೀಟರ್. ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್ ಮಾತ್ರ. ಹಾಗಾಗಿ ಅದು ನಿಂತಲ್ಲೇ ಮುಂದಕ್ಕೆ ನುಗ್ಗುತ್ತಿರುವಂತೆ ಕಾಣುತ್ತದೆ, ಬಿಲ್ಲಿಗೆ ಹೂಡಿ ಎಳೆದು ಹಿಡಿದ ಬಾಣದ ಹಾಗೆ. ರೆಕ್ಕೆಗಳು ಹಿಂದಕ್ಕೆ ಬಾಗಿವೆ, ಕೆಳಗಿರುವ ಬೇಟೆಯ ಮೇಲೆ ಎರಗುವಾಗ ಗಿಡುಗ ರೆಕ್ಕೆ ಹಿಂದಕ್ಕೆ ಒತ್ತಿಕೊಳ್ಳುತ್ತದಲ್ಲ, ಹಾಗೆ. ಪೈಲಟ್ ಕೂರುವ ಗಾಜಿನ ಗೂಡಿನ ಎರಡೂ ಪಕ್ಕದಲ್ಲಿ ಗಾಳಿ ನುಂಗುವ ಬಾಯಿಗಳು. ಕಾಕಾ ಸುತ್ತಲೂ ಒಂದು ಸುತ್ತು ಬಂದ. ಗುಡಿಯಲ್ಲಿ ಪ್ರದಕ್ಷಿಣೆ ಹಾಕುವ ನಡಿಗೆಯೇ ಅದು, ಎಡದಿಂದ ಬಲಕ್ಕೆ, ಎಲ್ಲಿಯೂ ಅವಸರ ಮಾಡದೆ. ಮರಳಿ ಮೂಗಿನ ಮುಂದೆ ಬಂದಾಗ ಅವನ ಕಣ್ಣು ಒದ್ದೆಯಾಗಿತ್ತು.

"ಮಾಸ್ತರು ಬರದಿದ್ದು ಹಿಂಗ ಇತ್ತು ನೋಡು, ತಮ್ಮಾ. ಒಂದಿಷ್ಟೂ ತಪ್ಪಿಲ್ಲ."

ಆಮೇಲೆ ಅವನ ಕಣ್ಣು ಬಿದ್ದದ್ದು ನಡುವಿನ ಮೇಲೆ. "ಇದರ ನಡಾ ಯಾಕ ಹಿಂಗ ಸಣ್ಣಾಗೇತಿ? ಡಮರಿನಂಗ ಐತಲ್ಲ." ಯಾವ ಎಂಜಿನಿಯರೂ ಮೆಚ್ಚುವ ಪ್ರಶ್ನೆ ಅದು. ಸಮುದ್ರಮಟ್ಟದಲ್ಲಿ ಸದ್ದು ತಾಸಿಗೆ ಸುಮಾರು 1,225 ಕಿಲೋಮೀಟರ್ ಓಡುತ್ತದೆ. ವಿಮಾನ ಆ ವೇಗದ ಹತ್ತಿರ ಬಂದಾಗ ಎದುರಿನ ಗಾಳಿಗೆ ಪಕ್ಕಕ್ಕೆ ಸರಿಯಲು ಹೊತ್ತು ಸಾಲದೆ ಅದು ಗೋಡೆಯಂತೆ ಒತ್ತಿ ನಿಲ್ಲುತ್ತದೆ. ರೆಕ್ಕೆ ಮೈಗೆ ಸೇರುವ ಜಾಗದಲ್ಲಿ ಗಾತ್ರ ಒಮ್ಮೆಲೇ ಹೆಚ್ಚಾದರೆ ಆ ಗೋಡೆ ಇನ್ನಷ್ಟು ಗಟ್ಟಿ. ಅದಕ್ಕೇ ರೆಕ್ಕೆ ಬರುವಲ್ಲಿ ಮೈಯನ್ನು ತಗ್ಗಿಸುತ್ತಾರೆ, ಗಾಳಿಗೆ ಒಟ್ಟು ಗಾತ್ರ ಒಂದೇ ಹದದಲ್ಲಿ ಏರಿ ಇಳಿಯುವಂತೆ. ಕಾಕಾನಿಗೆ ಹೇಳಿದೆ: ಅಗಸಿಯಲ್ಲಿ ಎರಡು ಚಕ್ಕಡಿ ಎದುರಾದರೆ ಒಂದು ಮೈ ಒತ್ತಿಕೊಂಡು ದಾರಿ ಬಿಡುವುದಿಲ್ಲವೇ, ಹಾಗೆ ರೆಕ್ಕೆಗೆ ಮೈ ದಾರಿ ಬಿಟ್ಟಿದೆ. ಅವನು ತಲೆಯಾಡಿಸಿದ.

ಈ ಮೈಯನ್ನು ರೂಪಿಸಿದವರು ಕುರ್ಟ್ ಟ್ಯಾಂಕ್. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಹೆಸರಾಂತ ಫೋಕೆ-ವುಲ್ಫ್ 190 ಯುದ್ಧವಿಮಾನ ಅವರದೇ ಕೈಯದು. ತಾವು ಕಟ್ಟಿದ್ದನ್ನು ತಾವೇ ಹಾರಿಸಿ ನೋಡುತ್ತಿದ್ದ ಮನುಷ್ಯ. ಯುದ್ಧ ಮುಗಿದ ಮೇಲೆ ಅರ್ಜೆಂಟೀನಾಕ್ಕೆ ಹೋಗಿದ್ದವರು 1956ರಲ್ಲಿ ತಮ್ಮ ಜರ್ಮನ್ ತಂಡದೊಂದಿಗೆ ಬೆಂಗಳೂರಿಗೆ ಬಂದರು. ಸ್ವಾತಂತ್ರ್ಯ ಬಂದು ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಆ ವರ್ಷವೇ ನವೆಂಬರ್ 1ರಂದು ನಮ್ಮ ಧಾರವಾಡ ಜಿಲ್ಲೆ ಮುಂಬಯಿ ಸೀಮೆಯಿಂದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮೂರವರು ಬೆಂಗಳೂರನ್ನು ನಮ್ಮ ರಾಜಧಾನಿ ಎಂದು ಕರೆಯಲು ಶುರುಮಾಡಿದ ವರ್ಷವೇ ಅಲ್ಲಿ ಮಾರುತನ ಮೊದಲ ಗೆರೆಗಳು ಬಿದ್ದವು.

ಲೋಹಕ್ಕೆ ಕೈ ಹಚ್ಚುವ ಮುಂಚೆ ಅವರು ಮಾಡಿದ ಒಂದು ಕೆಲಸ ನನಗೆ ಎಲ್ಲಕ್ಕಿಂತ ಮೆಚ್ಚಾದದ್ದು. ಇದೇ ಅಳತೆಯ, ಇದೇ ಆಕಾರದ ವಿಮಾನವನ್ನು ಮೊದಲು ಕಟ್ಟಿಗೆಯಲ್ಲಿ ಕಟ್ಟಿದರು. ಎಂಜಿನ್ ಇಲ್ಲ. ಇಬ್ಬರು ಕೂರುವಷ್ಟು ಜಾಗ. 1959ರಲ್ಲಿ ಆ ಕಟ್ಟಿಗೆಯ ಮಾರುತನನ್ನು ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಮುಗಿಲಿಗೆ ಎಳೆದುಕೊಂಡು ಹೋಗಿ, ಅಲ್ಲಿ ಹಗ್ಗ ಕಳಚಿ ಬಿಡುತ್ತಿದ್ದರು. ನಾಗರಪಂಚಮಿಗೆ ನಮ್ಮಲ್ಲಿ ಜೋಕಾಲಿ ಜೀಕುವಾಗ ಹಿಂದಿನಿಂದ ಒಬ್ಬ ಎಳೆದು ಬಿಡುತ್ತಾನಲ್ಲ, ಬಿಟ್ಟ ಮೇಲೆ ಒಂದು ಗಳಿಗೆ ಹೊಟ್ಟೆಯಲ್ಲಿ ಏನೂ ಇಲ್ಲದಂತಾಗುತ್ತದಲ್ಲ! ಎಂಜಿನ್ನಿಲ್ಲದೆ ಗಾಳಿಯೊಂದನ್ನೇ ನಂಬಿ, ಹೀಗೆ ಹಾರಿ ಹಾರಿ ಆ ಆಕಾರದ ಗುಣವನ್ನೆಲ್ಲ ತಿಳಿದುಕೊಂಡು ಇಳಿಯುತ್ತಿದ್ದರು.

"ಅಂದ್ರ ಮದಲ ಬಡಿಗ್ಯಾರು ಕಟ್ಟಿದ್ದು" ಎಂದ ಕಾಕಾ. ಹೌದು. ಜೆಟ್ ಯುಗದ ಬಾಗಿಲನ್ನು ನಮ್ಮಲ್ಲಿ ತೆರೆದದ್ದು ಕಟ್ಟಿಗೆ ಕೆತ್ತುವವರ ಕೈ.

1961ರ ಜೂನ್ 17. ಲೋಹದ ಮಾರುತ ಇದೇ ಎಚ್‌ಎಎಲ್ ರನ್‌ವೇಯಿಂದ ಮೊದಲ ಸಲ ನೆಲ ಬಿಟ್ಟಿತು. ಹಾರಿಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸ್. ಬಸ್ಸಿನ ಕಿಟಕಿಯಿಂದ ಕಂಡ ಬೋರ್ಡಿನ ಹೆಸರು. ಒಂದು ವಾರದ ಬಳಿಕ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೆದುರು ಅದನ್ನು ಹಾರಿಸಿ ತೋರಿಸಿದರು. ಸೋವಿಯತ್ ಒಕ್ಕೂಟವನ್ನು ಬಿಟ್ಟರೆ ಏಷ್ಯಾದ ಯಾವ ದೇಶವೂ ತನ್ನದೇ ಜೆಟ್ ಯುದ್ಧವಿಮಾನವನ್ನು ರೂಪಿಸಿ, ಪರೀಕ್ಷೆ ದಾಟಿಸಿ, ಕಾರ್ಖಾನೆಯಲ್ಲಿ ಸಾಲಾಗಿ ಕಟ್ಟಿ ಪಡೆಗೆ ಕೊಟ್ಟಿರಲಿಲ್ಲ ಆಗ. ನಾವು ಕೊಟ್ಟೆವು. 1964ರಿಂದ ಮಾರುತ ವಾಯುಪಡೆಗೆ ಹೋಗತೊಡಗಿತು. ಒಟ್ಟು 147 ಕಟ್ಟಿದರು.

ಕಾಕಾ ಈಗ ಹಿಂಭಾಗಕ್ಕೆ ಹೋಗಿ ಬಗ್ಗಿ ನೋಡುತ್ತಿದ್ದ. ಬಾಲದ ಬುಡದಲ್ಲಿ ಪಕ್ಕಪಕ್ಕಕ್ಕೆ ಎರಡು ದೊಡ್ಡ ತೂತು. "ಎಲ್ಡ ಎಂಜಿನ್ನೇನೋ?"

ಎರಡು. ಮಾರುತನ ಸಂಕಟವೂ ಅದರ ಹಿರಿಮೆಯೂ ಆ ಎರಡು ತೂತುಗಳಲ್ಲೇ ಇವೆ. ಟ್ಯಾಂಕ್ ಅವರು ಈ ಮೈಯನ್ನು ಸದ್ದಿನ ಎರಡು ಪಟ್ಟು ವೇಗ ತಾಳುವಂತೆ ರೂಪಿಸಿದ್ದರು. ಅದಕ್ಕೆ ಬೇಕಾದದ್ದು ಬ್ರಿಟನ್ನಿನ ಆರ್ಫಿಯಸ್ ಎಂಜಿನ್ನಿನ ಇನ್ನೂ ಬಲವಾದ ಒಂದು ರೂಪ. ಆ ಎಂಜಿನ್ನನ್ನು ಪೂರ್ತಿ ಬೆಳೆಸಲು ಭಾರತ ಹಣ ಹಾಕಬೇಕೆಂದು ಕಂಪನಿ ಕೇಳಿತು. ನಮ್ಮವರು ಹಾಕಲಿಲ್ಲ, ಅವರು ಕೈಬಿಟ್ಟರು. ಕೊನೆಗೆ ಸಿಕ್ಕದ್ದು ಸಾದಾ ಆರ್ಫಿಯಸ್ 703. ಅಂಥ ಎರಡನ್ನು ಹೂಡಿದರೂ ಮಾರುತ ಸದ್ದಿನ ವೇಗದ ಅಂಚಿಗೆ ಮಾತ್ರ ಹೋಗಿ ನಿಂತಿತು. ಈಜಿಪ್ಟಿನಲ್ಲಿ ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್ ಕಟ್ಟುತ್ತಿದ್ದ ಇ-300 ಎಂಜಿನ್ನಿನ ಮೇಲೂ ಆಸೆ ಇಟ್ಟು, ಒಂದು ಮಾರುತನನ್ನು ಅಲ್ಲಿಗೇ ಕಳಿಸಿ, 1967ರಲ್ಲಿ ಹಾರಿಸಿ ನೋಡಿದ್ದುಂಟು. ಅದೂ ಕೂಡಿಬರಲಿಲ್ಲ. ಮಾರುತ ಹುಟ್ಟಿನಿಂದ ಕೊನೆಯವರೆಗೆ ತನಗೆ ತಕ್ಕ ಎಂಜಿನ್ ಕಾಣಲೇ ಇಲ್ಲ.

ಇದನ್ನೆಲ್ಲ ಹೇಳಿ ಮುಗಿಸಿದಾಗ ಕಾಕಾ ಒಂದೇ ಮಾತಿನಲ್ಲಿ ಹೇಳಿದ: "ಚಕ್ಕಡಿ ಗಟ್ಟಿ. ಹೂಡಿದ್ದು ಮಾತ್ರ ಹೋರಿಗರ."

ಇಂಗ್ಲಿಷಿನಲ್ಲಿ ಮಾರುತನ ಬಗ್ಗೆ ಬರೆದವರಲ್ಲಿ ಹಲವರು ಅದನ್ನು ಸೋತ ವಿಮಾನವೆಂದು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಹೋರಿಗರುಗಳನ್ನೇ ಹೂಡಿ ಆ ಚಕ್ಕಡಿ 1971ರ ಡಿಸೆಂಬರಿನಲ್ಲಿ ರಾಜಸ್ತಾನದ ಮರಳುಗಾಡಿನ ಮೇಲೆ ಮಾಡಿದ್ದನ್ನು ನೋಡಬೇಕು. 10ನೇ ಸ್ಕ್ವಾಡ್ರನ್, 220ನೇ ಸ್ಕ್ವಾಡ್ರನ್ ಎರಡೂ ಮಾರುತಗಳ ಪಡೆಗಳು, ಜೋಧಪುರ ಮತ್ತು ಬಾಡಮೇರ್ ಬಳಿಯ ಉತ್ತರಲಾಯಿಯಿಂದ ಹೊರಡುತ್ತಿದ್ದವು. ಎರಡು ವಾರದ ಯುದ್ಧ. ಮಾರುತಗಳು ಮುನ್ನೂರು ಸಲಕ್ಕೂ ಹೆಚ್ಚು ಎದ್ದು ಹೋಗಿ ದಾಳಿ ಮಾಡಿದವು. ಮರಳಿಗೆ ಹೊಟ್ಟೆ ತಾಗುವಷ್ಟು ಕೆಳಗೆ ಹಾರುವ ಕೆಲಸ. ನೆಲದಿಂದ ಬಂದ ಗುಂಡಿಗೆ ಕೆಲವು ಬಿದ್ದವು. ಮುಗಿಲಿನಲ್ಲಿ ಎದುರಾಳಿ ವಿಮಾನದ ಕೈಗೆ ಒಂದೂ ಬೀಳಲಿಲ್ಲ. ಬದಲಿಗೆ ಡಿಸೆಂಬರ್ 7ರಂದು ಸ್ಕ್ವಾಡ್ರನ್ ಲೀಡರ್ ಕೆ.ಕೆ. ಬಕ್ಷಿ ತಮ್ಮ ಮಾರುತನಿಂದ ಪಾಕಿಸ್ತಾನದ ಸೇಬರ್ ಯುದ್ಧವಿಮಾನ ಒಂದನ್ನು ಉರುಳಿಸಿದರು. ಮಾರುತ ಹಾರಿಸಿದವರಿಗೆ ಆ ಯುದ್ಧದಲ್ಲಿ ಮೂರು ವೀರಚಕ್ರ ಬಂದವು.

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇನ್ನೊಂದಿದೆ. ಗುಂಡು ಬಡಿದು ಒಂದು ಎಂಜಿನ್ ಸತ್ತ ಮೇಲೂ, ಉಳಿದ ಒಂದೇ ಎಂಜಿನ್ನಿನಲ್ಲಿ ಮಾರುತಗಳು ಗಡಿಯಾಚೆಯಿಂದ ತಿರುಗಿ ಬಂದು ತಮ್ಮ ನೆಲದಲ್ಲಿ ಇಳಿದದ್ದುಂಟು, ಒಮ್ಮೆಯಲ್ಲ, ಕಡಿಮೆಯೆಂದರೂ ಮೂರು ಸಲ. ಕಾಕಾನ ಕೈ ಕಟಕಟೆಯ ಮೇಲಿತ್ತು. ಅವನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಹಗೇವಿಗೆ ಜೋಳ ಹೇರಿಕೊಂಡು ಬರುವಾಗ ಹಳ್ಳದಲ್ಲಿ ಒಂದೆತ್ತು ಕುಸಿದು, ಇನ್ನೊಂದು ಎತ್ತು ಒಂಟಿಯಾಗಿ ಕೊರಳೊಡ್ಡಿ ಚಕ್ಕಡಿಯನ್ನು ದಂಡೆಗೆ ತಂದದ್ದನ್ನು ಅವನು ನೋಡಿದವನು. ಆ ಎತ್ತು ಮುದಿಯಾಗಿ ಕೆಲಸಕ್ಕೆ ಬಾರದಾದಾಗಲೂ ಅದನ್ನು ಸಂತೆಗೆ ಅಟ್ಟಲಿಲ್ಲ, ಕೊಟ್ಟಿಗೆಯಲ್ಲೇ ಇಟ್ಟುಕೊಂಡಿದ್ದ. "ಹುಡುಗೂರ್ನ ಮನಿಗೆ ತಂತಲ್ಲ, ಅಷ್ಟ ಸಾಕು" ಎಂದ.

ಮನೆಗೆ ಬಾರದವರೂ ಇದ್ದರು. ಬಲ ಹೆಚ್ಚಿಸಿದ ಎಂಜಿನ್ನಿನ ಮಾರುತನನ್ನು ಪರೀಕ್ಷೆ ಮಾಡುತ್ತ 1970ರ ಜನವರಿ 10ರಂದು ಸುರಂಜನ್ ದಾಸ್ ಇದೇ ಬೆಂಗಳೂರಿನಲ್ಲಿ ವಿಮಾನ ಬಿದ್ದು ತೀರಿಕೊಂಡರು. ಆಗ ಅವರು ಗ್ರೂಪ್ ಕ್ಯಾಪ್ಟನ್. ಒಂಬತ್ತು ವರ್ಷ ಹಿಂದೆ ಯಾವುದನ್ನು ಮೊದಲು ಮುಗಿಲಿಗೆ ಏರಿಸಿದರೋ ಅದನ್ನೇ ಇನ್ನೂ ಒಳ್ಳೆಯದಾಗಿಸಲು ಹೋಗಿ ಜೀವ ಕೊಟ್ಟರು. ಅವರ ಕಣ್ಣಾರೆ ಮಾರುತನ ಯುದ್ಧ ನೋಡುವ ಭಾಗ್ಯ ಎರಡು ವರ್ಷಕ್ಕೆ ತಪ್ಪಿತು. ಮರಣದ ನಂತರ ಪದ್ಮಭೂಷಣ ಬಂತು. ರಸ್ತೆಗೆ ಹೆಸರು ಬಂತು. ಮುಂದಿನ ಸಲ ಆ ಬೋರ್ಡಿನ ಮುಂದೆ ಬಸ್ಸು ನಿಂತಾಗ ಅವರನ್ನು ಒಂದು ಗಳಿಗೆ ನೆನೆಯಿರಿ.

ಅಂಗಳದಲ್ಲಿ ಬೇರೆ ವಿಮಾನಗಳೂ ಇವೆ. 2025ರ ಸೆಪ್ಟೆಂಬರಿನಲ್ಲಿ ವಾಯುಪಡೆಯಿಂದ ಬೀಳ್ಕೊಟ್ಟ ಮಿಗ್-21, ಎಷ್ಟೋ ಪೈಲಟ್‌ಗಳಿಗೆ ಮೊದಲ ಜೆಟ್ ಪಾಠ ಹೇಳಿದ ಕಿರಣ್, ಅಗಲ ರೆಕ್ಕೆಯ ಕ್ಯಾನ್‌ಬೆರಾ. ಎಲ್ಲದರ ಮುಂದೆಯೂ ಒಂದೊಂದು ಗಳಿಗೆ ನಿಂತೆವು. ಬಾಹ್ಯಾಕಾಶದ ವಿಭಾಗದಲ್ಲಿ ಉಪಗ್ರಹಗಳ ಮಾತು ಬಂದಾಗ, 1981ರಲ್ಲಿ ಬೆಂಗಳೂರಿನಲ್ಲಿ ಆಪಲ್ ಎಂಬ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲಿಟ್ಟು ಪರೀಕ್ಷೆ ಮಾಡಿದ್ದರೆಂದು ಕಾಕಾನಿಗೆ ಹೇಳಿದೆ. ಲೋಹದ ವಾಹನವಾದರೆ ಆಂಟೆನಾದ ಅಳತೆ ಕೆಡುತ್ತದೆ, ಕಟ್ಟಿಗೆಯ ಗಾಡಿಯಾದರೆ ಕೆಡುವುದಿಲ್ಲ, ಅದಕ್ಕೇ ಗಾಡಿ. ಅವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಮತ್ತೆ ಮಾರುತನ ಬಳಿಗೇ ಬಂದು ಮರದ ನೆರಳಿನಲ್ಲಿ ಕುಳಿತೆವು. ಆಗ ಅದಾಯಿತು. ಮೊದಲು ನೆಲದಲ್ಲಿ ಸಣ್ಣ ನಡುಕ. ಆಮೇಲೆ ಮರಗಳ ಆಚೆಯ ರನ್‌ವೇಯಿಂದ, ಮುಗಿಲನ್ನೇ ಬಟ್ಟೆಯಂತೆ ಹರಿಯುವ ಸದ್ದು. ಒಂದು ತೇಜಸ್ ಎದ್ದು ನಮ್ಮ ಕಣ್ಣೆದುರೇ ನೆಟ್ಟಗೆ ಮೇಲೇರಿತು. ಕಾಕಾ ಕಿವಿ ಮುಚ್ಚಿಕೊಳ್ಳಲಿಲ್ಲ. ಬಾಯಿ ತೆರೆದು, ಕತ್ತು ಹಿಂದಕ್ಕೆ ವಾಲಿಸಿ, ಅದು ಚುಕ್ಕಿಯಾಗಿ ಕರಗುವವರೆಗೆ ನೋಡಿದ. ಮೆಟ್ಟಿನ ಮೇಲೆ ಬುಟ್ಟಿ ಎತ್ತಿ ನಿಂತಾಗಿನ ಮುಖವೇ ಅದು.

ತೇಜಸ್ ಮೊದಲ ಸಲ ಹಾರಿದ್ದು 2001ರ ಜನವರಿ 4ರಂದು, ಇದೇ ರನ್‌ವೇಯಿಂದ. ಮಾರುತ ಹಾರಿದ್ದು 1961ರಲ್ಲಿ. ಎರಡರ ನಡುವೆ 40 ವರ್ಷ ಹೊಸದೊಂದು ಯುದ್ಧಜೆಟ್ಟನ್ನು ಗೆರೆಯಿಂದ ಶುರುಮಾಡಿ ಹಾರಿಸಲಿಲ್ಲ ನಾವು. ಮಾರುತ ಕಟ್ಟಿದ ಕೈಗಳಿಗೆ ಗೊತ್ತಿದ್ದ ಎಷ್ಟೋ ಹದ ಆ ನಡುವೆ ಹಾಗೇ ತೀರಿಹೋಗಿರಬೇಕು. ಒಂದು ವರ್ಷ ಬಿತ್ತದೆ ಬಿಟ್ಟ ಎರೆಹೊಲದಲ್ಲಿ ಕರಿಕೆ ಬೇರೂರುತ್ತದೆ, ತೆಗೆಯುವುದು ಎಷ್ಟು ಕಷ್ಟವೆಂದು ರೈತರಿಗೆ ಗೊತ್ತು. 40 ವರ್ಷ ಬೀಳುಬಿಟ್ಟ ಹೊಲವನ್ನು ಮತ್ತೆ ಹದಕ್ಕೆ ತಂದವರ ಶ್ರಮ ಎಂಥದ್ದು ಎಂಬುದು ಮಾರುತನ ಪಕ್ಕ ಕುಳಿತು ತೇಜಸ್ ಏರುವುದನ್ನು ಕಂಡಾಗ ನನಗೆ ಮನವರಿಕೆಯಾಯಿತು. ಹಳೆಯದು ನಿಂತಿದೆ, ಹೊಸದು ಹಾರುತ್ತಿದೆ, ನಡುವೆ ಒಂದು ಕಾಂಪೌಂಡು ಗೋಡೆ. ಜಗತ್ತಿನ ಬೇರೆ ದೊಡ್ಡ ವಿಮಾನ ಸಂಗ್ರಹಾಲಯಗಳಲ್ಲಿ ವಿಮಾನಗಳ ಸಂಖ್ಯೆ ಹೆಚ್ಚಿರಬಹುದು. ಕಟ್ಟಿದ ಜಾಗದಲ್ಲೇ, ಮೊದಲು ಹಾರಿದ ರನ್‌ವೇಯ ಮಗ್ಗುಲಲ್ಲೇ, ತನ್ನ ಮೊಮ್ಮಗನ ಸದ್ದು ಕೇಳುತ್ತ ನಿಂತ ವಿಮಾನವನ್ನು ನೋಡುವ ಪುಣ್ಯ ಎಲ್ಲ ಊರಿಗೂ ಇರುವುದಿಲ್ಲ.

ಬುತ್ತಿ ಬಿಚ್ಚಿದೆವು. ರೊಟ್ಟಿ ಮುರಿಯುತ್ತ ಕಾಕಾ 2019ರ ಆಗಸ್ಟಿನ ಮಾತು ತೆಗೆದ. ಮಲಪ್ರಭೆ ಉಕ್ಕಿ ನಮ್ಮ ಸೀಮೆಯ ಹೊಳೆಸಾಲಿನ ಊರುಗಳೆಲ್ಲ ನೀರಾಗಿದ್ದ ದಿನಗಳು. ಆ ನೆರೆಯಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳ ಮೇಲೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಸುತ್ತುತ್ತಿದ್ದವು. ಸುತ್ತ ನೀರು ನಿಂತವರಿಗೆ ಮುಗಿಲಿನ ಆ ಸದ್ದು ಎಂಥ ಧೈರ್ಯ ಕೊಡುತ್ತದೆಂಬುದನ್ನು ನಮ್ಮ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. "ಆ ಸಪ್ಪಳ ಕೇಳಿದ್ವಿ. ಆದರ ಅದನ್ನ ಕಟ್ಟಾವ್ರು ಯಾರಂತ ಯಾವತ್ತೂ ಕೇಳಲಿಲ್ಲ ನೋಡು" ಎಂದ. ಹೆಲಿಕಾಪ್ಟರ್‌ಗಳನ್ನೂ ಕಟ್ಟುವ ಕಾರ್ಖಾನೆಯ ಅಂಗಳದಲ್ಲಿ ಕುಳಿತು ಅವನು ಆ ಮಾತು ಹೇಳಿದ. ಆಮೇಲೆ ಎದ್ದು ಹೋಗಿ, ಕಟಕಟೆಯ ಈಚೆಯಿಂದಲೇ, ಮಾರುತನಿಗೆ ಎರಡೂ ಕೈ ಜೋಡಿಸಿದ.

ಮಾರುತ 1990ರ ಹೊತ್ತಿಗೆ ವಾಯುಪಡೆಯಿಂದ ಪೂರ್ತಿ ನಿವೃತ್ತವಾಯಿತು. ಕೆಲವು ಅಲ್ಲಲ್ಲಿ ಉಳಿದಿವೆ. ಒಂದು ಕುರ್ಟ್ ಟ್ಯಾಂಕ್ ಅವರ ನಾಡಾದ ಜರ್ಮನಿಗೇ ಹೋಗಿ ಮ್ಯೂನಿಕ್ ಬಳಿಯ ಶ್ಲೈಸ್‌ಹೈಮ್‌ನ ಸಂಗ್ರಹಾಲಯದಲ್ಲಿದೆ. ಬೆಂಗಳೂರಿನಲ್ಲೇ ಇನ್ನೊಂದು ಕಸ್ತೂರಬಾ ರಸ್ತೆಯಲ್ಲಿ, ಕಬ್ಬನ್ ಪಾರ್ಕಿನ ಅಂಚಿಗೆ, ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಹೊರಗೆ ನಿಂತಿದೆ.

ಊರಿಗೆ ಮರಳಿದ ಮೇಲೆ ಕಾಕಾ ಹನಮಪ್ಪನ ಗುಡಿಯ ಕಟ್ಟೆಯ ಮೇಲೆ ಹುಡುಗರನ್ನು ಕೂಡಿಸಿಕೊಂಡು, ಕಡ್ಡಿಯಿಂದ ಮಣ್ಣಿನ ಮೇಲೆ ಮಾರುತನ ಚಿತ್ರ ಬರೆದ. ನಡು ಸಣ್ಣಗೆ, ರೆಕ್ಕೆ ಹಿಂದಕ್ಕೆ, ಬಾಲದಲ್ಲಿ ಎರಡು ತೂತು. ಹುಡುಗರು ಕೇಳಿದ ಪ್ರಶ್ನೆಗಳಿಗೆ ಅವನು ಉತ್ತರಿಸುತ್ತಿದ್ದುದನ್ನು ಕೇಳುತ್ತ ನಾನು ಹಿಂದೆ ನಿಂತಿದ್ದೆ.

ರೋಣ, ನರಗುಂದ, ಗಜೇಂದ್ರಗಡದ ಶಾಲೆಗಳ ಮಾಸ್ತರರಲ್ಲಿ, ಅಕ್ಕೋರಲ್ಲಿ ನನ್ನದೊಂದು ಕೋರಿಕೆ. ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಬೆಂಗಳೂರು, ಮೈಸೂರಿಗೆ ಪ್ರವಾಸ ಹೊರಡುತ್ತೀರಿ. ಅರಮನೆ ನೋಡುತ್ತೀರಿ, ಪ್ರಾಣಿ ಸಂಗ್ರಹಾಲಯ ನೋಡುತ್ತೀರಿ. ಮುಂದಿನ ಸಲ ಅರ್ಧ ದಿನ ಎಚ್‌ಎಎಲ್ ಸಂಗ್ರಹಾಲಯಕ್ಕೆ ತೆಗೆದಿಡಿ. ಮಕ್ಕಳನ್ನು ಮಾರುತನ ಸುತ್ತ ಒಂದು ಸುತ್ತು ಹಾಕಿಸಿ, ಅದರ ನಡು ಯಾಕೆ ಸಣ್ಣದೆಂದು ಅವರೇ ಕೇಳುವವರೆಗೆ ಕಾಯಿರಿ.